ಲಾಡಿ ಕಟ್ಟಿಕೊಂಡು ಹಿಮನದಿ ಏರಿದ್ದು

ನಾಗಪುರದಲ್ಲಿ ಮೇ ತಿಂಗಳ ಮಧ್ಯಾಹ್ನ ನಲ್ಲಿ ತಿರುಗಿಸಿದರೆ ಕೈ ಸುಡುವಂಥ ನೀರು ಬರುತ್ತದೆ. ಇಂಥ ಊರಿನಲ್ಲಿ ಕೂತು ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಹಿಮನದಿ ಅಳೆಯುವ ಸರ್ಕಾರಿ ಕೆಲಸ ಮಾಡಿದೆ. ಕಚೇರಿ ಇಲ್ಲಿ, ಹಿಮ ಅಲ್ಲಿ. ನಡುವೆ ಎರಡು ರೈಲು, ಒಂದು ಬಸ್ಸು, ಒಂದು ಜೀಪು. ಹೀಗೇಕೆ ಎಂದು ಸೇರಿದ ದಿನವೇ ಕೇಳಿದ್ದೆ. "ನಾಗಪುರ ದೇಶದ ನಟ್ಟನಡುವೆ ಇದೆ, ಎಲ್ಲಿಗೆ ಹೋದರೂ ಅಷ್ಟೇ ದೂರ" ಎಂದಿದ್ದರು. ಆ ಮಾತನ್ನು ನಿವೃತ್ತಿಯಾಗುವವರೆಗೂ ನಂಬಿಕೊಂಡಿದ್ದೆ.

ಹೋದ ತಿಂಗಳು ಅದೇ ಕಚೇರಿಗೆ ಹೊಸದಾಗಿ ಸೇರಿದ ಇಬ್ಬರು ಹುಡುಗಿಯರು ನಮ್ಮ ಮನೆಗೆ ಬಂದಿದ್ದರು. ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದರು. ಕಿತ್ತಳೆ ಬಣ್ಣದ ಜಾಕೀಟು ತೊಟ್ಟವನೊಬ್ಬ ಸ್ಕೀ ಕಟ್ಟಿಕೊಂಡು ಬೆಟ್ಟದ ತುದಿಯಿಂದ ಹಕ್ಕಿಯ ಹಾಗೆ ಇಳಿಯುತ್ತಿದ್ದಾನೆ, ಹಿಂದೆ ಬಿಳಿಯ ಧೂಳು ಏಳುತ್ತಿದೆ. "ಮೇಡಂ, ಕೆಲಸ ಹೀಗೇ ಇರತ್ತಾ?" ಎಂದು ಕೇಳಿದರು. ನಾನು ನಕ್ಕೆ. ಗಿರ್ಮಿಟ್ ಮಾಡಿ ಕೊಟ್ಟೆ. ತಿಂದು ಹೋದರು, ಉತ್ತರ ಸಿಕ್ಕಿರಲಿಲ್ಲ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಅವರಲ್ಲಿ ಒಬ್ಬಳು ಇಲ್ಲಿಯೇ ಹುಟ್ಟಿ ಬೆಳೆದವಳು, ಕನ್ನಡ ಮಾತಾಡುತ್ತಾಳೆ, ಓದಲು ತಡವರಿಸುತ್ತಾಳೆ. ಇನ್ನೊಬ್ಬಳು ಓದಿ ಹೇಳಲಿ.

ಯಾವ ವರ್ಷ ಯಾವ ಹುದ್ದೆಗೆ ಏರಿದೆ ಎನ್ನುವುದೆಲ್ಲ ಸರ್ವಿಸ್ ಪುಸ್ತಕದಲ್ಲಿದೆ. ನಾನು ಹೇಳಬೇಕಾದದ್ದು ಆ ಪುಸ್ತಕದಲ್ಲಿ ಇಲ್ಲದ್ದು.

ನಾನು ಬಾಗಲಕೋಟೆಯವಳು. ಗಂಡ ರೈಲ್ವೆಯಲ್ಲಿದ್ದರು, ವರ್ಗವಾಗಿ ನಾಗಪುರಕ್ಕೆ ಬಂದೆವು. ನನಗೆ ಇಲ್ಲಿ ಒಂದು ಸರ್ವೇ ಕಚೇರಿಯ ಉಪಕರಣ ವಿಭಾಗದಲ್ಲಿ ಕೆಲಸ ಸಿಕ್ಕಿತು. ಮೊದಲ ಕೆಲವು ವರ್ಷ ಮಳೆ ಮಾಪಕ, ಬೋರ್‌ವೆಲ್ಲಿನ ನೀರಿನ ಮಟ್ಟ ನೋಡುವ ಯಂತ್ರ ಇಂಥವನ್ನು ಬಿಚ್ಚಿ ಜೋಡಿಸುವುದೇ ಕೆಲಸ. ಹಿಮ ವಿಭಾಗದ ಮೆಕ್ಯಾನಿಕ್‌ಗೆ ಮೊಣಕಾಲು ನೋವು ಬಂದು ರಾಮದಾಸಪೇಠದ ಆಸ್ಪತ್ರೆಯಲ್ಲಿ ಆಪರೇಷನ್ ಆದಾಗ, ಅವರ ಜಾಗಕ್ಕೆ ಯಾರು ಎಂಬ ಪ್ರಶ್ನೆ ಬಂತು. ಅರ್ಜಿಯಲ್ಲಿ ಹವ್ಯಾಸ ಎಂಬ ಕಡೆ ನಾನು "ನಡೆಯುವುದು" ಎಂದು ಬರೆದಿದ್ದೆ. ಸಂಜೆ ತರಕಾರಿ ತರಲು ನಡೆದೇ ಹೋಗುತ್ತಿದ್ದೆ, ಅದಕ್ಕಾಗಿ ಬರೆದದ್ದು. ಅಷ್ಟು ಸಾಕಾಯಿತು. ಮೂವತ್ತೆಂಟನೆಯ ವಯಸ್ಸಿನಲ್ಲಿ ನನ್ನನ್ನು ಹಿಮಾಲಯದ ಒಂದು ಶಾಲೆಗೆ ಸ್ಕೀ ಕಲಿಯಲು ಕಳಿಸಿದರು. ಅಲ್ಲಿಯವರೆಗೆ ನಾನು ಕಂಡ ಹಿಮ ಎಂದರೆ ಫ್ರಿಜ್ಜಿನ ಮೇಲಿನ ಖಾನೆಯದು. ಮೂರು ವಾರದಲ್ಲಿ ನಾನು ಚೆನ್ನಾಗಿ ಕಲಿತದ್ದು ಬಿದ್ದ ಮೇಲೆ ಏಳುವುದನ್ನು.

ಆಗ ನಮ್ಮ ವಿಭಾಗಕ್ಕೆ ಬೋರ್ಕರ್ ಸಾಹೇಬರು ಮುಖ್ಯಸ್ಥರು. ನಾಗಪುರದವರೇ. ಇಸ್ತ್ರಿ ಮಾಡಿದ ಅಂಗಿ, ನೇರ ಬೈತಲೆ. ಯಾರ ಬರವಣಿಗೆಯಲ್ಲಿ ಏನು ತಪ್ಪಿದೆ ಎಂದು ತಲೆಕೆಳಗಾಗಿ ಹಿಡಿದ ಕಾಗದದಲ್ಲೂ ಕಂಡುಹಿಡಿಯುತ್ತಿದ್ದರು. ನನಗೆ ಎರಡು ಮೆಮೋ ಕೊಟ್ಟಿದ್ದರು. ಎರಡರಲ್ಲೂ ತಪ್ಪು ನನ್ನದೇ ಆಗಿತ್ತು. ಅದಕ್ಕೇ ಅವರ ಮೇಲೆ ಹೆಚ್ಚು ಸಿಟ್ಟಿತ್ತು. ಅವರು ನಮ್ಮೊಡನೆ ಆಡುತ್ತಿದ್ದುದು ಮರಾಠಿ, ನಡುನಡುವೆ ಹಿಂದಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ. ಇನ್ನೊಬ್ಬರು ಡಾಕ್ಟರ್ ರಘು, ಮೈಸೂರಿನ ವಿಜ್ಞಾನಿ. ಹಿಮದ ಬಗ್ಗೆ ಅವರು ಓದದ ಪುಸ್ತಕವಿರಲಿಲ್ಲ. ನಾನು ಬಾಗಲಕೋಟೆಯ ಕನ್ನಡ, ಅವರು ಮೈಸೂರಿನ ಕನ್ನಡ, ಕ್ಯಾಂಟೀನಿನಲ್ಲಿ ನಾವಿಬ್ಬರು ಮಾತಾಡಿದರೆ ಪಕ್ಕದವರು "ಇವು ಎರಡು ಭಾಷೆಯೋ?" ಎಂದು ಕೇಳುತ್ತಿದ್ದರು.

ಈಗ ಕಥೆಗೆ ಬರುತ್ತೇನೆ. ಹಿಮಾಚಲದ ಲಾಹೌಲಿನ ಒಂದು ಹಿಮನದಿಯ ಮೇಲ್ತುದಿಯಲ್ಲಿ, ಶಿಖರದ ಕೆಳಗೆ, ಎರಡು ಬೆಟ್ಟಗಳ ನಡುವೆ ಒಂದು ಕಣಿವೆಬಾಗಿಲಿನಂಥ ತಗ್ಗು ಜಾಗವಿದೆ. ಮೊದಲೆಲ್ಲ ಅಲ್ಲಿ ಬಿದಿರುಗಳನ್ನು ನೆಟ್ಟು, ಬೇಸಿಗೆಯಲ್ಲಿ ಹೋಗಿ ಟೇಪು ಹಿಡಿದು ಎಷ್ಟು ಕರಗಿದೆ ಎಂದು ಅಳೆಯುತ್ತಿದ್ದರು. ಅರ್ಧ ಬಿದಿರು ಸಿಗುತ್ತಲೇ ಇರಲಿಲ್ಲ. ಆ ವರ್ಷ ಹೊಸ ಯಂತ್ರ ಬಂದಿತ್ತು. ಕಂಬದ ಮೇಲೆ ಕೂತು, ಚಳಿಗಾಲವಿಡೀ ಹಿಮ ಎಷ್ಟು ಏರಿತು ಎಂದು ತಾನೇ ನೋಡಿ ಉಪಗ್ರಹದ ಮೂಲಕ ನಾಗಪುರಕ್ಕೆ ಸುದ್ದಿ ಕಳಿಸುವ ಯಂತ್ರ. ದೊಡ್ಡ ಹಿಮ ಬೀಳುವ ಮೊದಲೇ ಅದನ್ನು ನಿಲ್ಲಿಸಬೇಕು. ಹಾಗಾಗಿ ನವೆಂಬರ್ ಕೊನೆಗೆ, ಸ್ಕೀ ಹಾಕಿಕೊಂಡು, ನಾವು ಮೂವರು ಮತ್ತು ಅಲ್ಲಿಯ ದಾರಿ ಬಲ್ಲವರೊಬ್ಬರು, ಹೀಗೆ ನಾಲ್ವರು ಹೋಗುವುದೆಂದಾಯಿತು.

ಋತುವಿನ ಮೊದಲ ಹಿಮದ ಬಗ್ಗೆ ಹೊಸಬರು ಒಂದು ಮಾತು ತಿಳಿದಿರಬೇಕು. ಹಿಮನದಿಯ ಮೈಯಲ್ಲಿ ಬಿರುಕುಗಳಿರುತ್ತವೆ. ಕೆಲವು ಮನೆ ಮುಳುಗುವಷ್ಟು ಆಳ. ಬೇಸಿಗೆಯಲ್ಲಿ ಅವು ಬಾಯಿ ತೆರೆದು ಕಾಣುತ್ತವೆ. ಚಳಿಗಾಲದ ಕೊನೆಗೆ ಅವುಗಳ ಮೇಲೆ ಗಟ್ಟಿ ಹಿಮದ ಸೇತುವೆ ಕಟ್ಟಿರುತ್ತದೆ. ನವೆಂಬರಿನಲ್ಲಿ ಎರಡೂ ಇಲ್ಲ. ಸಕ್ಕರೆಯಂಥ ಸಡಿಲ ಹಿಮ ತೆಳ್ಳಗೆ ಮುಚ್ಚಿಕೊಂಡು, ಎಲ್ಲವೂ ಒಂದೇ ಸಮ ಬೆಳ್ಳಗೆ ಕಾಣುತ್ತದೆ. ಸ್ಕೀ ಉದ್ದವಾಗಿರುವುದರಿಂದ ಭಾರ ಹಂಚಿಹೋಗಿ ದಾಟಬಹುದು. ಬೂಟುಗಾಲಿನಲ್ಲಿ ನಿಂತರೆ ಯಾರೂ ಭರವಸೆ ಕೊಡಲಾರರು.

ಇದನ್ನೆಲ್ಲ ರಘು ಅವರು ನಾಗಪುರದಲ್ಲೇ ನಮಗೆ ಬೋರ್ಡಿನ ಮೇಲೆ ಚಿತ್ರ ಬಿಡಿಸಿ ಹೇಳಿದರು. ಬಿದ್ದವರನ್ನು ಮೇಲೆತ್ತುವ ಅಭ್ಯಾಸವೂ ಆಗಬೇಕಿತ್ತು. ಬಿರುಕು ಎಲ್ಲಿ ತರುವುದು? ಕಚೇರಿಯ ಮೂರಂತಸ್ತಿನ ಮೆಟ್ಟಿಲುಗಳ ನಡುವೆ ಒಂದು ಖಾಲಿ ಬಾವಿಯಂಥ ಜಾಗವಿತ್ತು. ಅದೇ ನಮ್ಮ ಬಿರುಕು. ಯಾರು ತೂಗಬೇಕು ಎಂಬ ಚರ್ಚೆಯಲ್ಲಿ ಬೋರ್ಕರ್ ಸಾಹೇಬರು, "ನಾನು ಮೇಲ್ವಿಚಾರಣೆ" ಎಂದರು. ಕೊನೆಗೆ ಹಳೆಯ ಕಡತಗಳನ್ನು ಗೋಣಿಚೀಲಕ್ಕೆ ತುಂಬಿ, ಹಗ್ಗ ಕಟ್ಟಿ, ಕೆಳಗೆ ಬಿಟ್ಟೆವು. ಅಂದು ಕಚೇರಿಯಲ್ಲಿ ಹಿಂದಿ ಪಖವಾಡದ, ಅಂದರೆ ಹದಿನೈದು ದಿನದ ಹಿಂದಿ ಪ್ರಚಾರದ, ಸಮಾರಂಭ ಎಂಬುದನ್ನು ಮೂವರೂ ಮರೆತಿದ್ದೆವು. ಶಾಲು, ಹೂಮಾಲೆ ಹಾಕಿಸಿಕೊಂಡು ಮುಖ್ಯ ಅತಿಥಿಗಳು ಒಳಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತಾಗ, ಅವರ ತಲೆಯಿಂದ ಒಂದು ಮೊಳ ಮೇಲೆ ಚೀಲ ಗಿರ್ರೆಂದು ತಿರುಗುತ್ತಿತ್ತು.

"ಇದೇನು?" ಎಂದು ಅವರು ಕೇಳಿದರು.

ಮೇಲಿನಿಂದ ರಘು ಅವರು ಹಗ್ಗ ಹಿಡಿದುಕೊಂಡೇ ಹಿಂದಿಯಲ್ಲಿ ಕೂಗಿದರು, "ಬಿದ್ದವರನ್ನು ಎತ್ತುತ್ತಿದ್ದೇವೆ ಸರ್!"

ಅತಿಥಿಗಳು ತಮ್ಮ ಭಾಷಣದಲ್ಲಿ ಅದನ್ನೇ ಎರಡು ಸಲ ಹೊಗಳಿದರು. ಅವರು ಏನೆಂದು ತಿಳಿದುಕೊಂಡರೋ ನಮಗೆ ಗೊತ್ತಾಗಲಿಲ್ಲ.

ಇನ್ನು ನನ್ನ ತಪ್ಪು. ಸ್ಕೀ ಹಾಕಿಕೊಂಡು ಮೇಲಕ್ಕೆ ಹತ್ತುವುದು ಹೇಗೆ, ಜಾರುವುದಿಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ಹತ್ತುವಾಗ ಸ್ಕೀಯ ಅಡಿಗೆ ಒಂದು ಉದ್ದ ಪಟ್ಟಿ ಅಂಟಿಸುತ್ತೇವೆ. ಅದರ ಒಂದು ಮೈಗೆ ಅಂಟು, ಇನ್ನೊಂದು ಮೈಗೆ ಬೆಕ್ಕಿನ ಬೆನ್ನಿನ ಹಾಗೆ ಒಂದೇ ಕಡೆಗೆ ಮಲಗಿದ ಕೂದಲು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಹಿಡಿಯುತ್ತದೆ. ಇಳಿಯುವಾಗ ಕಿತ್ತು ಚೀಲಕ್ಕೆ ಹಾಕಿಕೊಳ್ಳುವುದು. ಈ ಪಟ್ಟಿಗಳನ್ನು ತಣ್ಣನೆಯ ಜಾಗದಲ್ಲಿ ಇಡಬೇಕು. ನಾನು ಡಬ್ಬಿಗೆ ತುಂಬಿ ಇಟ್ಟದ್ದು ಕಚೇರಿಯ ಹಿಂದಿನ ತಗಡಿನ ಶೆಡ್ಡಿನಲ್ಲಿ. ಅಲ್ಲಿ ಅವು ನಾಗಪುರದ ಇಡೀ ಒಂದು ಬೇಸಿಗೆ ಕಳೆದವು. ಹೊರಡುವ ಮುನ್ನ ನಾನು ಡಬ್ಬಿ ಬಿಚ್ಚಿ ನೋಡಬೇಕಿತ್ತು. ನೋಡದೆ ಸಾಮಾನುಗಳ ಯಾದಿಯಲ್ಲಿ "ಇದೆ" ಎಂದು ಟಿಕ್ ಹಾಕಿದೆ. ಡಬ್ಬಿ ಇತ್ತು, ಅದು ಸುಳ್ಳಲ್ಲ.

ಲಾಹೌಲಿನಲ್ಲಿ ನಮ್ಮ ನಾಲ್ಕನೆಯವರಾಗಿ ಅಂಗ್ರೂಪ್ ಜೀ ಸೇರಿಕೊಂಡರು. ಐವತ್ತು ದಾಟಿದ ಮನುಷ್ಯ. ಬೇಸಿಗೆಯಲ್ಲಿ ಬಟಾಣಿ, ಆಲೂಗಡ್ಡೆ ಬೆಳೆಯುತ್ತಿದ್ದರು, ಉಳಿದಂತೆ ಪರ್ವತಕ್ಕೆ ಹೋಗುವವರಿಗೆ ದಾರಿ ತೋರಿಸುತ್ತಿದ್ದರು. ಮಾತು ಬಹಳ ಕಡಿಮೆ. ಹಿಮನದಿಯ ಬದಿಯ ಕಲ್ಲುರಾಶಿಯ ಮೇಲೆ ಡೇರೆ ಹಾಕಿ, ಮಾರನೆಯ ಬೆಳಗಿನ ತಯಾರಿಗೆಂದು ಡಬ್ಬಿ ಬಿಚ್ಚಿದೆ. ಅಂಟು ಕರಗಿ, ಕೂದಲಿನೊಳಗೆ ಇಳಿದು, ಎಂಟು ಪಟ್ಟಿಗಳೂ ಒಂದಕ್ಕೊಂದು ಕಚ್ಚಿಕೊಂಡು ಒಂದೇ ಹೋಳಿಗೆಯಂತಾಗಿದ್ದವು. ಆ ಕಡೆ ಇಬ್ಬರು, ಈ ಕಡೆ ಇಬ್ಬರು ಹಿಡಿದು ಹಗ್ಗಜಗ್ಗಾಟದ ಹಾಗೆ ಎಳೆದೆವು. ಒಮ್ಮೆಲೇ ಬಿಟ್ಟುಕೊಂಡಾಗ ರಘು ಅವರು ಮಲಗಿದರು, ಒಂದು ಪಟ್ಟಿ ಹೋಗಿ ಅವರ ಗಡ್ಡಕ್ಕೆ ಕೂತಿತು.

"ಮೇಡಂ, ಇದು ಸ್ಕೀಗೆ ಅಂಟೋದಿಲ್ಲ, ಗಡ್ಡಕ್ಕೆ ಮಾತ್ರ ಚೆನ್ನಾಗಿ ಅಂಟತ್ತೆ" ಎಂದರು ಅವರು, ಕಣ್ಣಲ್ಲಿ ನೀರು ತುಂಬಿಕೊಂಡು.

"ಅಲುಗಾಡಬ್ಯಾಡ್ರಿ, ಕತ್ತರಿ ತರ್ತೀನಿ" ಎಂದೆ.

ಬೋರ್ಕರ್ ಸಾಹೇಬರು ಡಬ್ಬಿಯನ್ನು, ನನ್ನನ್ನು, ಮತ್ತೆ ಡಬ್ಬಿಯನ್ನು ನೋಡಿದರು. ಮೆಮೋ ಕೊಟ್ಟಿದ್ದರೆ ಎಷ್ಟೋ ವಾಸಿಯಿತ್ತು.

ಅಂಗ್ರೂಪ್ ಜೀ ಪಟ್ಟಿಯೊಂದನ್ನು ಸ್ಕೀಗೆ ಒತ್ತಿ ನೋಡಿದರು, ಬಿದ್ದುಹೋಯಿತು. "ಕಟ್ಟಬೇಕು" ಎಂದರು. ನಮ್ಮ ಹಗ್ಗಗಳು ದಪ್ಪ. ಅಡಿಯಲ್ಲಿ ಗಂಟಾಗಿ ಸ್ಕೀ ಮುಂದಕ್ಕೇ ಹೋಗುವುದಿಲ್ಲ. ಚಪ್ಪಟೆಯಾದದ್ದು, ಗಟ್ಟಿಯಾದದ್ದು ಬೇಕು. ನನಗೆ ನನ್ನ ಸಲ್ವಾರಿನ ಲಾಡಿ ನೆನಪಾಯಿತು. ನಾಗಪುರದ ಸೀತಾಬರ್ಡಿ ಪೇಟೆಯ ಫುಟ್‌ಪಾತಿನಲ್ಲಿ ಕೊಂಡ ಅಗಲ ಲಾಡಿಗಳು. ಚಳಿಗೆಂದು ಒಂದರ ಮೇಲೊಂದು ಹಾಕಲು ಐದು ಸಲ್ವಾರ್ ತಂದಿದ್ದೆ. ಐದೂ ಲಾಡಿ ಎಳೆದು ತೆಗೆದು ತುಂಡು ಮಾಡಿದೆ. ಸಾಲಲಿಲ್ಲ. ಎಲ್ಲರೂ ಸಾಹೇಬರ ಕಡೆ ನೋಡಿದೆವು. ಅವರು ಮಲಗುವಾಗ ನಾಗಪುರದಿಂದ ತಂದ ಫ್ಲಾನೆಲ್ ಪಾಯಿಜಾಮ ತೊಡುತ್ತಿದ್ದರು.

"ಎರಡಿವೆ" ಎಂದರು ಸಾಹೇಬರು. ಒಂದು ನಿಟ್ಟುಸಿರು ಬಿಟ್ಟು, ಡೇರೆಯೊಳಗೆ ಹೋಗಿ, ಮಡಿಸಿದ ಎರಡು ಲಾಡಿ ತಂದು ಕೈಗಿತ್ತರು. ಅಂದು ಮಲಗಿದ ಮೇಲೆ ಅವರು ಯಾರು ಕರೆದರೂ ಎದ್ದು ಬರಲಿಲ್ಲ.

ಬೆಳಗಾಗುತ್ತಲೇ ಹೊರಟೆವು. ಮುಂದೆ ಅಂಗ್ರೂಪ್ ಜೀ, ಅವರ ಹಿಂದೆ ನಾನು, ನನ್ನ ಹಿಂದೆ ಸಾಹೇಬರು, ಕೊನೆಗೆ ರಘು. ನಾಲ್ವರ ಸೊಂಟಕ್ಕೂ ಒಂದೇ ಹಗ್ಗ, ನಡುನಡುವೆ ಸಾಕಷ್ಟು ಅಂತರ. ಕೆಂಪು, ಹಸಿರು, ಹಳದಿ ಲಾಡಿ ಕಟ್ಟಿದ ಸ್ಕೀಗಳು ಮದುವೆಯ ಕುದುರೆಯ ಕಾಲಿನಂತೆ ಕಾಣುತ್ತಿದ್ದವು. ನೂರು ಹೆಜ್ಜೆಗೊಮ್ಮೆ ಯಾರದೋ ಲಾಡಿ ಸಡಿಲಾಗುತ್ತಿತ್ತು. "ಥಾಂಬಾ, ಲಾಡಿ!" ಎಂದು ಸಾಹೇಬರು ಕೂಗುವುದು, ಎಲ್ಲರೂ ನಿಲ್ಲುವುದು, ಕೈಗವಸು ಕಳಚಿ ಬೆರಳು ಮರಗಟ್ಟುವ ಮೊದಲು ಗಂಟು ಹಾಕುವುದು. ನಾನು ಒಂದೆರಡು ಕಡೆ, "ಇಲ್ಲಿ ಹಿಮ ಟೊಳ್ಳಿದ್ದ ಹಾಗಿದೆ, ಸರ್" ಎಂದೆ. ಎರಡನೆಯ ಸಲಕ್ಕೆ ಅವರು, "ಮ್ಯಾಡಮ್, ಪ್ರತಿ ಹೆಜ್ಜೆಗೂ ಕಾಮೆಂಟರಿ ಬೇಡ. ನೀವು ಡಬ್ಬಿ ನೋಡಿಕೊಂಡಿದ್ದರೆ ಸಾಕಿತ್ತು" ಎಂದರು. ನನ್ನ ಬಾಯಿ ಮುಚ್ಚಿತು.

ಮಧ್ಯಾಹ್ನಕ್ಕೆ ಮೊದಲೇ ಕಣಿವೆಬಾಗಿಲು ತಲುಪಿದೆವು. ಯಂತ್ರ ನಿಲ್ಲಿಸುವ ಕೆಲಸ ಎಷ್ಟು ಸಲೀಸಾಗಿ ಆಯಿತೆಂದರೆ ನನಗೇ ಅನುಮಾನ ಬಂತು. ಕಂಬ ನೆಟ್ಟೆವು, ತಂತಿ ಬಿಗಿದೆವು, ಗುಂಡಿ ಒತ್ತಿದೆ, ಹಸಿರು ದೀಪ ಮಿನುಗಿತು. ಬಾಗಲಕೋಟೆಯ ಮಾಸ್ತರರ ಮಗಳು ಹಿಮನದಿಯ ನೆತ್ತಿಯಲ್ಲಿ ಯಂತ್ರ ನಿಲ್ಲಿಸಿದ್ದಳು. ಅಪ್ಪ ಇದ್ದಿದ್ದರೆ ಎಂದುಕೊಂಡು ಮೂಗು ಒರೆಸಿಕೊಂಡೆ. ಅಲ್ಲಿಂದಲೇ ತಿರುಗಿದ್ದರೆ ಬರೆಯಲು ಏನೂ ಇರುತ್ತಿರಲಿಲ್ಲ.

ಸಾಹೇಬರು ತಲೆಯೆತ್ತಿ ಶಿಖರ ನೋಡಿದರು. ಆಕಾಶ ಒರೆಸಿಟ್ಟ ತಟ್ಟೆಯಂತೆ ಸ್ವಚ್ಛವಾಗಿತ್ತು.

"ಅಂಗ್ರೂಪ್ ಜೀ, ಅಲ್ಲಿಗೆ ಎಷ್ಟು ಹೊತ್ತು?"

"ಒಂದು ಗಂಟೆ. ಆದರೆ ಕೆಲಸ ಮುಗೀತಲ್ಲ" ಎಂದರು ಅಂಗ್ರೂಪ್ ಜೀ.

"ಇಷ್ಟು ವರ್ಷ ಈ ವಿಭಾಗದಲ್ಲಿದ್ದೇನೆ, ಒಂದು ಶಿಖರದ ಮೇಲೂ ನಿಂತಿಲ್ಲ. ಮನೆಯ ಗೋಡೆಗೆ ಒಂದು ಫೋಟೋ ಇಲ್ಲ." ಅವರ ದನಿ ಆಗ ಸಾಹೇಬರದಾಗಿರಲಿಲ್ಲ. ಇಲ್ಲ ಎನ್ನಲು ನಮಗೆ ಯಾರಿಗೂ ಮನಸ್ಸಾಗಲಿಲ್ಲ.

ಅರ್ಧ ದಾರಿ ಹೋಗಿರಬಹುದು. ನಾನು ನನ್ನ ಸ್ಕೀ ಕೋಲು ಊರಿದೆ. ಅದು ಒಂದು ಗೇಣು ಇಳಿದು ನಿಲ್ಲಬೇಕಾದದ್ದು, ಹಿಡಿಯವರೆಗೂ ಸರಕ್ಕನೆ ಇಳಿಯಿತು. ಕೆಳಗೆ ಏನೂ ಇರಲಿಲ್ಲ. ಅಂಗ್ರೂಪ್ ಜೀ ಅದೇ ಜಾಗ ದಾಟಿದ್ದರು, ಅವರ ಕೋಲು ಒಂದು ಮೊಳ ಪಕ್ಕಕ್ಕೆ ಬಿದ್ದಿತ್ತು. ಸ್ಕೀ ಮೇಲಿದ್ದ ನಾನೂ ದಾಟಿದೆ. ಹಿಂದೆ ತಿರುಗಿ ಹೇಳಬೇಕು ಅನ್ನಿಸಿತು. ನನ್ನ ತಪ್ಪಿನಿಂದ ಪಾಯಿಜಾಮದ ಲಾಡಿ ಕಟ್ಟಿಕೊಂಡು ನಡೆಯುತ್ತಿರುವ ಮನುಷ್ಯನಿಗೆ ಯಾವ ಮುಖ ಇಟ್ಟುಕೊಂಡು ಮತ್ತೆ ಬುದ್ಧಿ ಹೇಳಲಿ? ಸ್ಕೀ ಮೇಲಿದ್ದಾರೆ, ದಾಟುತ್ತಾರೆ ಅಂದುಕೊಂಡೆ. ಹೇಳಲಿಲ್ಲ.

ಸಾಹೇಬರು ದಾಟಲಿಲ್ಲ. ಸರಿಯಾಗಿ ಆ ಜಾಗಕ್ಕೆ ಬಂದು ನಿಂತರು. ಹಿಂದೆ ಶಿಖರ ಚೆನ್ನಾಗಿ ಕಾಣುತ್ತದೆ, ಇಲ್ಲೇ ಒಂದು ಫೋಟೋ ಎಂದರು. ಪೋಸ್ಟರುಗಳಲ್ಲಿ ಇರುವಂತೆ ಸ್ಕೀಗಳನ್ನು ಪಕ್ಕದಲ್ಲಿ ನೆಟ್ಟಗೆ ಹಿಡಿದು ನಿಲ್ಲಬೇಕೆಂದು ಅವುಗಳನ್ನು ಬಿಚ್ಚಿದರು. ರಘು ಅವರು ಕ್ಯಾಮೆರಾ ಹಿಡಿದು, ಚೌಕಟ್ಟಿಗೆ ಕೂರಲೆಂದು ನಾಲ್ಕು ಹೆಜ್ಜೆ ಮುಂದೆ ಬಂದರು. ಹಗ್ಗ ಸಡಿಲಾಯಿತು. ನಾನು "ಸರ್, ಸ್ಕೀ" ಎಂದು ಕೂಗಿದ್ದು ಆಗಲೇ.

"ಸ್ಮೈಲ್ ಸರ್" ಎಂದರು ರಘು.

ಸಾಹೇಬರು ನಕ್ಕರು, ಹೋದರು. ಸದ್ದೇ ಇಲ್ಲ. ಅವರಿದ್ದ ಜಾಗದಲ್ಲಿ ಒಂದು ತೂತು, ತೂತಿನ ಅಂಚಿನಲ್ಲಿ ಅವರ ಉಣ್ಣೆಯ ಟೋಪಿ. ಮರುಕ್ಷಣ ಸೊಂಟದ ಹಗ್ಗ ನನ್ನನ್ನು ಬೆನ್ನ ಮೇಲೆ ಬೀಳಿಸಿ, ತಿರುಗಿಸಿ, ಹೊಟ್ಟೆಯ ಮೇಲೆ ದರದರ ಎಳೆಯಿತು. ಹಿಮ ಕಡಿಯಲು ತಂದಿದ್ದ ಕೊಡಲಿ ಊರಿದೆ. ಆ ಕಡೆ ರಘು ಅವರು ಕೂತೇಬಿಟ್ಟರು, ಇಬ್ಬರ ಭಾರಕ್ಕೆ ಹಗ್ಗ ನಿಂತಿತು. ಆಮೇಲೆ ನೋಡಿದರೆ ಫೋಟೋ ಬಂದಿತ್ತು: ಆಕಾಶ, ಶಿಖರ, ಕೆಳಗೆ ಎರಡು ಸ್ಕೀಯ ತುದಿ.

ಅಂಗ್ರೂಪ್ ಜೀ ಕೂಗಾಡಲಿಲ್ಲ. ಹಿಮದಲ್ಲಿ ಅಡ್ಡಲಾಗಿ ಒಂದು ಕಾಲುವೆ ತೋಡಿ, ತಮ್ಮ ಎರಡೂ ಸ್ಕೀ ಅದರಲ್ಲಿ ಹೂಳಿ, ಅದಕ್ಕೆ ಹಗ್ಗ ಬಿಗಿದು ತುಳಿಯತೊಡಗಿದರು. ಮೇಲಿನ ಹಿಮ ಗಟ್ಟಿಯಾಗುವವರೆಗೆ ಎತ್ತುವಂತಿಲ್ಲ. ಆಗ ನನಗೆ, "ಮ್ಯಾಡಮ್ ಜೀ, ನೀವು ಅಂಚಿಗೆ ಮಲಗಿ. ಮಾತಾಡ್ತಾ ಇರಿ. ನಿಲ್ಲಿಸಬೇಡಿ" ಎಂದರು.

ಇನ್ನೊಂದು ಹಗ್ಗ ಕಟ್ಟಿಸಿಕೊಂಡು ತೆವಳುತ್ತಾ ಹೋಗಿ ತೂತಿನೊಳಗೆ ಬಗ್ಗಿ ನೋಡಿದೆ. ಎರಡಾಳು ಆಳದಲ್ಲಿ ಸಾಹೇಬರು ತೂಗುತ್ತಿದ್ದರು. ಸುತ್ತ ನೀಲಿ ಗೋಡೆ, ಕೆಳಗೆ ಕಪ್ಪು. ಒಂದು ಕಾಲು ಸೊಟ್ಟಗಿತ್ತು.

"ಸರ್, ಪೆಟ್ಟಾಗಿದೆಯಾ?"

ಕೆಳಗಿನಿಂದ ಒಂದು ಸದ್ದು ಕೇಳಿತು. ಸಾಹೇಬರು ಅಳುತ್ತಿದ್ದರು. "ಸರೋಜಾ ತಾಯೀ" ಎಂದರು. ಮರಾಠಿಯಲ್ಲಿ ಹಾಗೆಂದರೆ ಅಕ್ಕ. ಅಲ್ಲಿಯವರೆಗೆ ನನ್ನನ್ನು ಎಂದೂ ಮ್ಯಾಡಮ್ ಎಂಬುದು ಬಿಟ್ಟು ಹೆಸರು ಹಿಡಿದು ಕರೆದವರಲ್ಲ. ಕನ್ನಡದ ನನ್ನ ಕಿವಿಗೆ ಅದು ತಾಯಿ ಎಂದೇ ಕೇಳಿತು. "ಕೆಳಗೆ ಏನೂ ಇಲ್ಲ ತಾಯೀ. ಕೆಳಗೆ ಏನೂ ಕಾಣ್ತಾ ಇಲ್ಲ."

ಏನು ಮಾತಾಡಲಿ? ಧೈರ್ಯದಿಂದಿರಿ ಎಂದರೆ ಇನ್ನೂ ಅತ್ತಾರು. ತಲೆಗೆ ಹೊಳೆದದ್ದು ಸೀತಾಬರ್ಡಿ. "ಸರ್, ನಾವು ಬರ್ಡಿಗೆ ಹೋಗೋಣ. ಬಸ್ಸು ಇಳಿದೆವು. ಮೊದಲು ಬಲಗಡೆ ಆ ಸೀರೆ ಅಂಗಡಿ, ಅಲ್ಲವಾ?"

ಕೆಳಗೆ ಮೂಗು ಎಳೆದ ಸದ್ದು. "ಎಡಗಡೆ."

"ಹಾಂ, ಎಡಗಡೆ. ಆಮೇಲೆ ಮೊಬೈಲ್ ರಿಪೇರಿಯವನು, ಅವನ ಪಕ್ಕ ತರ್ರಿ ಪೋಹಾ ತಿನ್ನಿಸುವವನ ಗಾಡಿ."

"ಅಲ್ಲ! ಮೊದಲು ಕನ್ನಡಕದ ಅಂಗಡಿ. ಪೋಹಾ ಗಾಡಿ ರಸ್ತೆಯ ಆಚೆ. ಎಷ್ಟು ವರ್ಷ ಆಯಿತು ನೀವು ನಾಗಪುರಕ್ಕೆ ಬಂದು?" ಎಂದರು ಸಾಹೇಬರು. ದನಿ ಗಟ್ಟಿಯಾಗಿತ್ತು.

ಬೇರೆಯವರ ತಪ್ಪನ್ನು ತಿದ್ದದೆ ಬಿಡುವ ಶಕ್ತಿ ಆ ಮನುಷ್ಯನಿಗೆ ಇರಲಿಲ್ಲ. ನಾನು ಬೇಕೆಂದೇ ತಪ್ಪು ಹೇಳುತ್ತಾ ಹೋದೆ. ಚಪ್ಪಲಿ ಅಂಗಡಿಯನ್ನು ಪುಸ್ತಕದ ಅಂಗಡಿಯ ಮೇಲೆ ಕೂರಿಸಿದೆ, ಕಿತ್ತಳೆ ಬರ್ಫಿ ಮಾರುವವನನ್ನು ಆಚೆ ಬೀದಿಗೆ ಸಾಗಿಸಿದೆ. ಅವರು ನೀಲಿ ಬಿರುಕಿನಲ್ಲಿ ತೂಗುತ್ತಾ ಒಂದೊಂದನ್ನೂ ಅದರದರ ಜಾಗಕ್ಕೆ ತಂದಿಟ್ಟರು. ಬರ್ಡಿಯನ್ನು ಎರಡು ಸುತ್ತು ಹಾಕಿದೆವು.

ಅಷ್ಟರಲ್ಲಿ ಅಂಗ್ರೂಪ್ ಜೀ "ಈಗ" ಎಂದರು. ರಾಟೆಗೆ ಹಗ್ಗ ಹಾಕಿ ಮೂವರೂ ಎಳೆಯತೊಡಗಿದೆವು. ಕಚೇರಿಯ ಮೆಟ್ಟಿಲಿನಲ್ಲಿ ಕಲಿತದ್ದೆಲ್ಲ ಸರಿಯಾಗಿಯೇ ಇತ್ತು, ಆದರೆ ಆ ಗೋಣಿಚೀಲ ಮಾತಾಡುತ್ತಿರಲಿಲ್ಲ. ಸಾಹೇಬರು, "ನಿಧಾನ! ಬರೋಬರ್ ಎಳೀರಿ! ರಘು, ತಾಳ ತಪ್ಪುತ್ತಿದೆ!" ಎಂದು ಕೆಳಗಿನಿಂದಲೇ ಮೇಲ್ವಿಚಾರಣೆ ಶುರುಮಾಡಿದ್ದರು. ಅಂಚಿಗೆ ಬಂದಾಗ ಹಗ್ಗ ಹಿಮವನ್ನು ಕೊರೆದು ಸಿಕ್ಕಿಕೊಂಡಿತು. ನಾನು ಅಂಚನ್ನು ಕೊಡಲಿಯಿಂದ ಒಡೆದೆ. ಅದರಲ್ಲಿ ಅರ್ಧ ಹಿಮ ಅವರ ನೆತ್ತಿಯ ಮೇಲೆ ಬಿತ್ತು. ಕೊನೆಗೆ ಹಿಟ್ಟಿನ ಗಿರಣಿಯವನಂತೆ ಬಿಳಿಯ ಮುಖ ಹೊತ್ತು ಸಾಹೇಬರು ಹೊರಗೆ ಬಂದರು, ಹೊಟ್ಟೆಯ ಮೇಲೆ ಮಲಗಿದರು, ಉಸಿರೆಳೆದುಕೊಂಡರು.

"ಫೋಟೋ ಬಂತಾ?" ಎಂದರು.

ಅಂಗ್ರೂಪ್ ಜೀ ಮೊದಲ ಸಲ ನಕ್ಕದ್ದು ಆಗಲೇ. ನಗುತ್ತಾ ನಗುತ್ತಾ ಕೂತುಬಿಟ್ಟರು.

ಶಿಖರದ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ. ಸಾಹೇಬರ ಪಾದ ಉಳುಕಿತ್ತು. ಎರಡು ಜೊತೆ ಸ್ಕೀ ಕಟ್ಟಿ ಬಂಡಿಯಂತೆ ಮಾಡಿ ಅವರನ್ನು ಅದರ ಮೇಲೆ ಮಲಗಿಸಿ ಇಳಿಸಿದೆವು. ತೆಳು ಹಿಮದ ಕೆಳಗೆ ಕಲ್ಲುಗಳಿದ್ದವು, ಪ್ರತಿ ಕಲ್ಲಿಗೂ ಅವರು ಒಂದೊಂದು ದೇವರ ಹೆಸರು ಹೇಳಿದರು. ಬಿಸಿಲು ಇಳಿಯುವ ಮೊದಲು ಡೇರೆ ಸೇರಿದೆವು. ವಿಡಿಯೋದಲ್ಲಿ ನೀವು ನೋಡಿದಂತೆ ಹಕ್ಕಿಯ ಹಾಗೆ ಇಳಿಯುವುದು ನನ್ನ ವೃತ್ತಿಯಲ್ಲಿ ಒಟ್ಟು ಒಂದು ಸಲ ಆಗಿದೆ, ಅದೂ ನಾನು ಬ್ರೇಕು ಹಾಕುವುದು ಮರೆತಿದ್ದರಿಂದ.

ನಾಗಪುರಕ್ಕೆ ಬಂದ ಮೇಲೆ ಘಟನೆಯ ವರದಿ ಬರೆಯಬೇಕಾಯಿತು. ಸಾಹೇಬರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮನೆಯಲ್ಲಿದ್ದರು. "ನೀವೇ ಬರೆಯಿರಿ. ಹವಾಮಾನದ ಮೇಲೆ ಸ್ವಲ್ಪ ಹಾಕಿಬಿಡಿ" ಎಂದು ಫೋನಿನಲ್ಲಿ ಹೇಳಿದರು. ಅಂದಿನ ಹವಾಮಾನ ನನಗೆ ಚೆನ್ನಾಗಿ ನೆನಪಿತ್ತು. ಅಷ್ಟು ಒಳ್ಳೆಯ ದಿನವನ್ನು ನಾನು ಆ ಬೆಟ್ಟದಲ್ಲಿ ಮತ್ತೆ ಕಂಡಿಲ್ಲ.

ಅಡುಗೆಮನೆಯ ಮೇಜಿನ ಮೇಲೆ ಕೂತು ಬರೆದೆ. ಪಟ್ಟಿಗಳನ್ನು ತಗಡಿನ ಶೆಡ್ಡಿನಲ್ಲಿ ಇಟ್ಟದ್ದು ನಾನು. ನೋಡದೆ ಟಿಕ್ ಹಾಕಿದ್ದು ನಾನು. ಕೋಲು ಇಳಿದದ್ದು ತಿಳಿದೂ ಹೇಳದಿದ್ದದ್ದು ನಾನು. ಸಾಹೇಬರು ಸ್ಕೀ ಬಿಚ್ಚಿದ್ದು, ರಘು ಅವರು ಹಗ್ಗ ಸಡಿಲ ಮಾಡಿದ್ದು, ಎಲ್ಲವೂ ಇದ್ದ ಹಾಗೆ. ನನ್ನ ಗಂಡ ಬಸವರಾಜ ಹೆಗಲ ಮೇಲಿಂದ ಓದಿದರು.

"ನಿನ್ನ ತಪ್ಪು ನೀನ ಬರದ ಕೊಡ್ತಿ? ಯಾರರ ಕೇಳ್ಯಾರೇನು?"

"ಯಾರೂ ಕೇಳಿಲ್ಲರಿ. ಮುಂದಿನ ಸಲ ಹೋಗೋರಿಗೆ ಗೊತ್ತಾಗಬೇಕಲ್ಲ, ಕೋಲು ಇಳದ್ರ ಬಾಯಿ ಬಿಡಬೇಕಂತ."

"ನೌಕರಿ ಹೋದ್ರ?"

"ಸಲ್ವಾರಿಗೆ ಲಾಡಿ ಪೋಣಿಸ್ಕೊಂತ ಮನ್ಯಾಗ ಕೂಡ್ತೀನಿ."

ಅವರು ನಗಲಿಲ್ಲ. ಚಹಾ ಮಾಡಿ ತಂದು ಪಕ್ಕಕ್ಕಿಟ್ಟರು. ರೈಲಿನ ಸಿಗ್ನಲ್ ನೋಡುವವರು ಅವರು, ಹೇಳದೆ ಬಿಟ್ಟ ಮಾತು ಏನು ಮಾಡಬಲ್ಲದು ಎಂದು ಅವರಿಗೆ ನಾನು ಹೇಳಬೇಕಿರಲಿಲ್ಲ.

ವರದಿಯಲ್ಲಿ ಒಂದೇ ಒಂದು ಸುಳ್ಳು ಸೇರಿಸಿದೆ. "ಬಿರುಕಿನೊಳಗಿದ್ದಷ್ಟು ಹೊತ್ತೂ ಶ್ರೀ ಬೋರ್ಕರ್ ಅವರು ಧೈರ್ಯದಿಂದಿದ್ದರು" ಎಂದು. ಅಷ್ಟು ಮರ್ಯಾದೆ ಅವರಿಗೆ ಸಲ್ಲಬೇಕು ಅನ್ನಿಸಿತು.

ವರದಿ ಅವರ ಮನೆಗೆ ಹೋಗಿ ನಾಲ್ಕು ದಿನ ಅಲ್ಲೇ ಇತ್ತು. ನಾನು ಊಟ ಬಿಟ್ಟೆ ಎಂದರೆ ಸುಳ್ಳಾದೀತು, ರುಚಿ ಬಿಟ್ಟಿದ್ದೆ. ಐದನೆಯ ದಿನ ಸಾಹೇಬರೇ ಕೋಲೂರಿಕೊಂಡು ಕಚೇರಿಗೆ ಬಂದು, ಕಾಗದಗಳನ್ನು ನನ್ನ ಮೇಜಿನ ಮೇಲಿಟ್ಟು, ತಮ್ಮ ಕೋಣೆಗೆ ಹೋದರು. ತೆರೆದು ನೋಡಿದೆ. ಕೊನೆಯ ಪುಟದಲ್ಲಿ ಸಹಿ ಇತ್ತು. ನನ್ನ ತಪ್ಪುಗಳ ಪಟ್ಟಿಯಲ್ಲಿ ಒಂದಕ್ಷರ ಮುಟ್ಟಿರಲಿಲ್ಲ. ಅವರು ಸ್ಕೀ ಬಿಚ್ಚಿದ ಸಾಲನ್ನೂ ಮುಟ್ಟಿರಲಿಲ್ಲ. "ಧೈರ್ಯದಿಂದಿದ್ದರು" ಎಂಬ ಪದಕ್ಕೆ ಮಾತ್ರ ಗೆರೆ ಎಳೆದು, ಮೇಲೆ ಸಣ್ಣ ಅಕ್ಷರದಲ್ಲಿ ಬರೆದಿದ್ದರು: "ಅಳುತ್ತಿದ್ದರು. ಮೇಲಿನಿಂದ ಒಬ್ಬರು ಮಾತಾಡುತ್ತಲೇ ಇದ್ದುದರಿಂದ ಅಳು ನಿಂತಿತು."

ವರದಿ ಹಾಗೆಯೇ ಮುಖ್ಯ ಕಚೇರಿಗೆ ಹೋಯಿತು. ಮೂರು ವಾರಕ್ಕೆ ಅಲ್ಲಿಂದ ಒಂದು ಪ್ರಶ್ನೆ ಬಂತು. ಅಧಿಕಾರಿಯೊಬ್ಬರು ಅತ್ತದ್ದಕ್ಕೂ ತಾಂತ್ರಿಕ ವರದಿಗೂ ಏನು ಸಂಬಂಧ, ಸ್ಪಷ್ಟಪಡಿಸಬೇಕು ಎಂದು. ಉತ್ತರವನ್ನು ಟೈಪು ಮಾಡಲು ಸಾಹೇಬರು ನನ್ನನ್ನೇ ಕರೆದರು. ಕಿಟಕಿಯ ಕಡೆ ಮುಖ ಮಾಡಿ ನಿಂತು, ಒಂದೇ ವಾಕ್ಯ ಹೇಳಿದರು:

"ಹಗ್ಗದ ಕೆಳತುದಿಯಲ್ಲಿ ತೂಗುತ್ತಿರುವವನ ಸ್ಥಿತಿ ಏನೆಂದು ಮೇಲಿದ್ದವರಿಗೆ ಗೊತ್ತಿರಬೇಕು."

ಮತ್ತೆ ಅಲ್ಲಿಂದ ಪ್ರಶ್ನೆ ಬರಲಿಲ್ಲ.